ಅಗ್ಗದ ಜಿಪಿಎಸ್ಸು, ಅಕ್ಕನ ಬಾಂದುಕಲ್ಲು

ತಪ್ಪು ಒಪ್ಪಿಕೊಳ್ಳಲು ಕುಳಿತವನ ಮನಸ್ಸು ತಣ್ಣಗಿರಬೇಕು ಎನ್ನುತ್ತಾರೆ. ನನ್ನ ಕೈಲಿ ಅದು ಆಗುತ್ತಿಲ್ಲ. ಎರಡು ಸಾಲು ಬರೆಯುವಷ್ಟರಲ್ಲಿ ಯಾರ ಮೇಲಾದರೂ ಸಿಟ್ಟು ಬರುತ್ತದೆ. ಯಂತ್ರ ಮಾರಿದವನ ಮೇಲೆ, ಅದನ್ನು ಮಾಡಿದ ಕಂಪನಿಯ ಮೇಲೆ, ಆಕಾಶದಲ್ಲಿ ಬಾಡಿಗೆಯಿಲ್ಲದೆ ಸುತ್ತುತ್ತಿರುವ ಉಪಗ್ರಹಗಳ ಮೇಲೆ, ಕೊನೆಗೆ ಪಕ್ಕದಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿರುವ ನನ್ನ ಹೆಂಡತಿಯ ಮೇಲೆ. 'ತಪ್ಪು ಮಾಡಿದೋರಿಗೆ ಇಷ್ಟೊಂದು ಸಿಟ್ಟು ಬರಬಾರದು' ಎನ್ನುತ್ತಾಳೆ ಅವಳು. ತಪ್ಪು ಮಾಡದವನಿಗೆ ಸಿಟ್ಟು ಯಾಕಾದರೂ ಬರಬೇಕು, ನೀವೇ ಹೇಳಿ.

ನಾನು ಎಸ್ಸೆಸ್ಸೆಲ್ಸಿಯವರೆಗೆ ಓದಿದವನು. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಮೂವತ್ತು ವರ್ಷ ಗೂಡು ತೂಗಿದೆ. ನಿವೃತ್ತಿಯಾದ ಮೇಲೆ ಸಕ್ಕರೆ ಕಾಯಿಲೆ ಬಂತು, ಡಾಕ್ಟರು ದಿನಾ ನಡೆಯಿರಿ ಅಂದರು. ನಡೆದೆ. ಆದರೆ ಸುಮ್ಮನೆ ನಡೆಯುವುದಿದೆಯಲ್ಲ, ಅದರಷ್ಟು ಬೇಸರದ ಕೆಲಸ ಇನ್ನೊಂದಿಲ್ಲ. ಹೋದ ಜಾಗಕ್ಕೆ ಯಾಕೆ ಹೋದೆ ಎಂದು ಗೊತ್ತಿರುವುದಿಲ್ಲ, ಬಂದ ಮೇಲೆ ಯಾಕೆ ಬಂದೆ ಎಂದೂ ಗೊತ್ತಾಗುವುದಿಲ್ಲ. ನನ್ನ ಸೊಸೆ ಶಶಿಕಲಾ ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡುತ್ತಾಳೆ. ಒಂದು ಭಾನುವಾರ ಅವಳೇ ಹೇಳಿದಳು: 'ಮಾವ, ಏನಾದ್ರೂ ಹುಡುಕ್ಕೊಂಡು ನಡೀರಿ, ಬೇಜಾರಾಗಲ್ಲ.' ಜಿಯೋಕ್ಯಾಶಿಂಗ್ ಎಂದು ಒಂದು ಆಟವಿದೆಯಂತೆ. ಯಾರೋ ಒಬ್ಬರು ಬೆಟ್ಟದಲ್ಲೋ ಕೆರೆ ಏರಿಯ ಮೇಲೋ ಒಂದು ಸಣ್ಣ ಡಬ್ಬಿ ಬಚ್ಚಿಟ್ಟು, ಅದಿರುವ ಜಾಗದ ಅಕ್ಷಾಂಶ ರೇಖಾಂಶವನ್ನು ಇಂಟರ್ನೆಟ್ಟಿನಲ್ಲಿ ಹಾಕುತ್ತಾರೆ. ಉಳಿದವರು ಯಂತ್ರ ಹಿಡಿದು ಅದನ್ನು ಹುಡುಕಬೇಕು. ಸಿಕ್ಕರೆ ಒಳಗಿರುವ ಪುಸ್ತಕದಲ್ಲಿ ರುಜು ಹಾಕಿ, ಒಂದು ಸಾಮಾನು ತೆಗೆದುಕೊಂಡು, ಇನ್ನೊಂದು ಸಾಮಾನು ಇಟ್ಟು, ಡಬ್ಬಿಯನ್ನು ಇದ್ದಲ್ಲೇ ಬಿಟ್ಟು ಬರಬೇಕು. 'ಬಹುಮಾನ?' ಎಂದು ಕೇಳಿದೆ. 'ಇಲ್ಲ ಮಾವ' ಎಂದಳು. ಇಷ್ಟು ಪ್ರಾಮಾಣಿಕವಾದ ಆಟ ನನ್ನನ್ನು ಇಷ್ಟು ದೊಡ್ಡ ಸುಳ್ಳುಗಾರನನ್ನಾಗಿ ಮಾಡಿತು ನೋಡಿ.

ಮೊದಲ ಡಬ್ಬಿ ಹುಡುಕಲು ನಾನೂ ನನ್ನ ಗೆಳೆಯ ಶಿವಲಿಂಗಯ್ಯನೂ ಊರಾಚೆಯ ಬಂಡೆಗಳಿಗೆ ಹೋದೆವು. ಅವನು ಬಸ್ಸು ಓಡಿಸಿ ನಿವೃತ್ತನಾದವನು, ದಾರಿ ಕೇಳುವುದೆಂದರೆ ಅವಮಾನ ಎಂದು ತಿಳಿದವನು. ಕೈಯಲ್ಲಿ ನನ್ನ ಫೋನು. ಬಂಡೆಗಳ ಸಂದಿಗೆ ಹೋದ ಕೂಡಲೇ ಫೋನಿಗೆ ದಿಕ್ಕು ತಪ್ಪಿತು. ಬಿಸಿಲಿಗೆ ಪರದೆ ಕಾಣದು. ಕಂಡಾಗ ಬ್ಯಾಟರಿ ಮುಗಿಯಿತು. ನಾವಿಬ್ಬರೂ ಹೊಟ್ಟೆಯ ಮೇಲೆ ಮಲಗಿ ಬಂಡೆಯ ಕೆಳಗೆ ಕೋಲು ಆಡಿಸುತ್ತಿದ್ದಾಗ ಮೇಕೆ ಮೇಯಿಸುವ ಹೆಂಗಸೊಬ್ಬಳು ಮೇಲಿನಿಂದ ಕೂಗಿದಳು: 'ಯಾರ್ರೀ ಅದು? ಈ ವಯಸ್ನಾಗೆ ನಿಧಿ ಬೇಕಾ ನಿಮ್ಗೆ?'

'ನಿಧಿ ಅಲ್ಲ ಕಣವ್ವಾ, ಡಬ್ಬಿ' ಎಂದ ಶಿವಲಿಂಗಯ್ಯ.

'ಡಬ್ಬೀನಾಗೆ ಏನೈತೆ?'

'ಒಂದು ಬುಗುರಿ ಇರ್ಬೌದು. ಚನ್ನಪಟ್ಟಣದ್ದು.'

ಅವಳು ನಮ್ಮನ್ನು ನೋಡಿದ ನೋಟವನ್ನು ಬರೆಯಲಾರೆ. ನಿಧಿಗಳ್ಳರು ಎಂದು ಒಪ್ಪಿಕೊಂಡಿದ್ದರೆ ಪೊಲೀಸರಿಗೆ ಹೇಳುತ್ತಿದ್ದಳು, ಆದರೂ ಒಂದಿಷ್ಟು ಮರ್ಯಾದೆ ಉಳಿಯುತ್ತಿತ್ತು. ಆ ದಿನವೇ ನಿರ್ಧಾರ ಮಾಡಿದೆ, ಫೋನು ಸಾಲದು, ಕೈಯಲ್ಲಿ ಹಿಡಿಯುವ ನಿಜವಾದ ಜಿಪಿಎಸ್ ಬೇಕು, ಅದೂ ಪಿಂಚಣಿದಾರನ ಕೈಗೆಟಕುವಂಥದ್ದು.

ಅಗ್ಗದ ಜಿಪಿಎಸ್ ಆರಿಸುವುದು ಎಷ್ಟು ಅವಮಾನದ ಕೆಲಸ ಎಂದು ನನಗೆ ಯಾರೂ ಮೊದಲೇ ಹೇಳಲಿಲ್ಲ. ರಾಮನಗರದ ಮೊಬೈಲ್ ಅಂಗಡಿಯಲ್ಲಿ ಕೇಳಿದೆ. ಕೌಂಟರಿನ ಹುಡುಗಿ ತಲೆಯೆತ್ತದೆ, 'ಕಾರಿಗಾ ಅಂಕಲ್, ನಾಯಿಗಾ?' ಎಂದಳು. ನಾಯಿಯ ಕೊರಳಿಗೆ ಕಟ್ಟುವ ಜಿಪಿಎಸ್ ಇದೆಯಂತೆ, ಅದು ಅಗ್ಗವಂತೆ. 'ನನಗೇ' ಎಂದೆ. ಆಗ ತಲೆಯೆತ್ತಿ ನೋಡಿ, 'ಮನೆಯವ್ರು ಕಳ್ಸಿದ್ರಾ?' ಎಂದಳು, ಬಹಳ ಮೆತ್ತಗೆ. ಕನಕಪುರದ ಅಂಗಡಿಯವನು 'ಫೋನಲ್ಲೇ ಇದ್ಯಲ್ಲ ಸಾರ್' ಎಂದು ನನ್ನ ಫೋನನ್ನು ನನಗೇ ತೋರಿಸಿದ. ಆಮೇಲೆ ಶಶಿಕಲಾ ಕಂಪ್ಯೂಟರಿನಲ್ಲಿ ಪಟ್ಟಿ ತೆಗೆದಳು. ಒಂದು ಯಂತ್ರ ನೀರಿನಲ್ಲಿ ಮುಳುಗದೆ ತೇಲುತ್ತದೆ. ಯಾವ ನೀರಿನಲ್ಲಿ ಸ್ವಾಮಿ, ನಮ್ಮ ಅರ್ಕಾವತಿಯಲ್ಲೇ? ಇನ್ನೊಂದು ಸಮುದ್ರದ ಉಬ್ಬರವಿಳಿತ ಹೇಳುತ್ತದೆ, ಮೀನು ಸಿಗುವ ಹೊತ್ತನ್ನೂ ಹೇಳುತ್ತದೆ. ಮತ್ತೊಂದರಲ್ಲಿ ಹಿಮದ ಬೆಟ್ಟದಲ್ಲಿ ಸಿಕ್ಕಿಬಿದ್ದರೆ ಉಪಗ್ರಹಕ್ಕೆ ಕೂಗುವ ಗುಂಡಿ. ಬೆಲೆ ನೋಡಿದರೆ ಒಂದು ಹಾಲು ಕರೆಯುವ ಹಸು, ಕೆಲವಕ್ಕೆ ಕರುವೂ ಸೇರಿತ್ತು. ನನಗೆ ಬೇಕಿದ್ದದ್ದು ಇಷ್ಟೇ. ಬಿಸಿಲಲ್ಲಿ ಪರದೆ ಕಾಣಬೇಕು, ಅಂಗಡಿಯಲ್ಲಿ ಸಿಗುವ ಸೆಲ್ಲು ಹಾಕಿದರೆ ದಿನವೆಲ್ಲ ಓಡಬೇಕು, ಬಿದ್ದರೆ ಒಡೆಯಬಾರದು, ಡಬ್ಬಿ ಎಲ್ಲಿದೆ ಎಂದು ಬಾಣದ ಗುರುತು ತೋರಿಸಬೇಕು. ಇಷ್ಟನ್ನೇ ಮಾಡುವ ಯಂತ್ರವನ್ನು ಮಾಡುವುದಕ್ಕೆ ಇವರಿಗೆ ಏನು ಧಾಡಿ? ಬಡವನಿಗೆ ದಾರಿ ಬೇಕಾದರೆ ಮೀನನ್ನೂ ಕೊಳ್ಳಬೇಕೇ?

ಕೊನೆಗೆ ಹಳೆಯದೊಂದು ಸಿಕ್ಕಿದ್ದು ಮಾಗಡಿಯಲ್ಲಿ. ಹೊನ್ನಗಂಗಯ್ಯ ಎಂಬುವರು ಸೈಟು ಅಳೆಯುವವರಿಗೆ ಕೆಲಸ ಮಾಡಿಕೊಡುತ್ತಿದ್ದರು. ಹೊಸದು ಬಂದ ಮೇಲೆ ಹಳೆಯದು ಬೀರುವಿನಲ್ಲಿತ್ತು. ನಾನೂ ಶಿವಲಿಂಗಯ್ಯನೂ ಹೋದೆವು. ಶಿವಲಿಂಗಯ್ಯ ಅದನ್ನು ತಿರುಗಿಸಿ ಮುರುಗಿಸಿ, ರಬ್ಬರ್ ಗುಂಡಿಗಳನ್ನು ಎತ್ತಿನ ಹಲ್ಲು ನೋಡುವ ಹಾಗೆ ನೋಡಿ, 'ಒಸಿ ನಡೆಸಿ ನೋಡ್ಲಾ' ಎಂದ. ಅಂಗಳದಲ್ಲಿ ಹಿಡಿದುಕೊಂಡು ನಡೆದೆ. ಬಾಣ ತಿರುಗಿತು. ಬೆಲೆಯ ಮಾತು ಬಂದಾಗ ಹೊನ್ನಗಂಗಯ್ಯ ಹೆಗಲ ಟವಲ್ಲು ತೆಗೆದು ತಮ್ಮ ಕೈಮೇಲೆ ಹಾಕಿಕೊಂಡರು. ದನದ ವ್ಯಾಪಾರದಲ್ಲಿ ಬೆಳೆದವರು, ಬಾಯಲ್ಲಿ ಬೆಲೆ ಹೇಳಿ ಅಭ್ಯಾಸವಿಲ್ಲ. ನಾನೂ ಟವಲ್ಲಿನೊಳಗೆ ಕೈ ಹಾಕಿದೆ. ಅವರು ನನ್ನ ನಾಲ್ಕು ಬೆರಳು ಹಿಡಿದರು, ನಾನು ಅವರ ಎರಡು ಹಿಡಿದೆ, ಅವರು ನಕ್ಕರು, ನಾನು ನಗಲಿಲ್ಲ, ಮೂರು ಬೆರಳಿಗೆ, ಅಂದರೆ ಮೂರು ಸಾವಿರಕ್ಕೆ ನಿಂತಿತು. ಉಪಗ್ರಹಕ್ಕೆ ಸಂಬಂಧಪಟ್ಟ ವ್ಯಾಪಾರವೊಂದು ಟವಲ್ಲಿನ ಕೆಳಗೆ ಮುಗಿದದ್ದು ಅದೇ ಮೊದಲಿರಬೇಕು.

ಈಗ ನನ್ನದೇ ಡಬ್ಬಿಯೊಂದನ್ನು ಬಚ್ಚಿಡಬೇಕು ಎಂಬ ಹುಚ್ಚು ಹತ್ತಿತು. ಜಾಗ ಮನಸ್ಸಿನಲ್ಲಿತ್ತು. ಚನ್ನಪಟ್ಟಣ ತಾಲ್ಲೂಕಿನ ಅಕ್ಕೂರಿನಲ್ಲಿ ನನ್ನ ಅಕ್ಕ ಪುಟ್ಟಗೌರಮ್ಮನ ಹಿಪ್ಪುನೇರಳೆ ತೋಟವಿದೆ. ಭಾವ ತೀರಿಕೊಂಡ ಮೇಲೆ ಹುಳು ಸಾಕಣೆ, ತೋಟ, ಎಲ್ಲ ಅವಳದೇ. ತೋಟದ ಅಂಚಿನಲ್ಲಿ ಹೊಂಗೆಮರ. ಮರದ ಪಕ್ಕದಲ್ಲಿ ಬಾಂದುಕಲ್ಲು, ಅಂದರೆ ಅಕ್ಕನ ಹೊಲಕ್ಕೂ ಪಕ್ಕದ ಮರಿಯಪ್ಪನ ಹೊಲಕ್ಕೂ ಗಡಿಯ ಗುರುತು. ಡಬ್ಬಿ ಇಡುವ ಮೊದಲು ಯಂತ್ರವನ್ನು ಪರೀಕ್ಷಿಸೋಣ ಎಂದುಕೊಂಡೆ. ಅಲ್ಲಾಡದೆ ನಿಂತಿರುವ ವಸ್ತು ಬೇಕಲ್ಲ, ಯಂತ್ರವನ್ನು ಬಾಂದುಕಲ್ಲಿನ ಮೇಲಿಟ್ಟು ಆ ಜಾಗವನ್ನು ನೆನಪಿಟ್ಟುಕೊಳ್ಳುವ ಗುಂಡಿ ಒತ್ತಿದೆ. ಅಕ್ಕನ ಮನೆಗೆ ಹೋಗಿ ಕಾಫಿ ಕುಡಿದು ಬಂದು, ಈಗ ಕಲ್ಲಿನ ಹತ್ತಿರಕ್ಕೆ ಕರೆದುಕೊಂಡು ಹೋಗು ಎಂದೆ. ಅದು ಬಾಣ ತೋರಿಸುತ್ತ ನನ್ನನ್ನು ಅಕ್ಕನ ತೋಟದೊಳಕ್ಕೆ ನಡೆಸಿ, ನಾಲ್ಕನೆಯ ಸಾಲಿನಲ್ಲಿ ನಿಲ್ಲಿಸಿ, ತಲುಪಿದ್ದೀರಿ ಎಂದು ಕೀಚ್ ಅಂದಿತು. ಕಲ್ಲು ನಾಲ್ಕು ಹೆಜ್ಜೆ ಹಿಂದೆ, ನನ್ನನ್ನೇ ನೋಡುತ್ತಿತ್ತು.

ಬದುವಿನ ಮೇಲೆ ಮರಿಯಪ್ಪ ನಿಂತಿದ್ದ. 'ಏನ್ ತಿಮ್ಮಣ್ಣ, ಸೊಪ್ಪಿನ್ ಮಧ್ಯದಾಗೆ ನಿಂತ್ಬುಟ್ಟಿದ್ದೀಯಾ?'

'ಕಲ್ಲು ಹುಡುಕ್ತಿದ್ದೀನಿ ಮರಿಯಪ್ಪ.'

'ಕಲ್ಲು ಅಲ್ಲೈತಲ್ಲ, ಕಣ್ಣು ಕಾಣಾಕಿಲ್ವಾ?'

'ಕಣ್ಣಿಗೆ ಅಲ್ಲಿದೆ. ಮಿಷನ್ ಇಲ್ಲಿದೆ ಅಂತಿದೆ.'

'ಅದ್ಯಾರು ಅದ್ಕೆ ಯೋಳೋರು?'

'ಉಪಗ್ರಹ. ಮೇಲಿಂದ ನೋಡಿ ಹೇಳುತ್ತೆ.'

ಮರಿಯಪ್ಪ ಆಕಾಶ ನೋಡಿದ. ಕಲ್ಲು ನೋಡಿದ. ಸಾಲಿನೊಳಕ್ಕೆ ಬಂದು ಬಗ್ಗಿ ಯಂತ್ರದ ಪರದೆ ನೋಡಿದ. ನನ್ನ ಕಾಲಿನ ಹತ್ತಿರದ ನೆಲ ನೋಡಿದ. ತಲೆಗೆ ಸುತ್ತಿದ್ದ ಟವಲ್ಲು ಬಿಚ್ಚಿ ಕೈಗೆ ತೆಗೆದುಕೊಂಡ. 'ಹಂಗಾದ್ರೆ ನಮ್ಮಪ್ಪ ಯೋಳ್ತಿದ್ದುದು ದಿಟವೇ' ಎಂದ. ಯಾರೋ ಕಲ್ಲು ಸರಿಸಿದ್ದಾರೆ ಎಂದು ಅವನ ಅಪ್ಪ ಸಾಯುವವರೆಗೂ ಹೇಳುತ್ತಿದ್ದನಂತೆ, ಊರಿನಲ್ಲಿ ಯಾರೂ ನಂಬಿರಲಿಲ್ಲವಂತೆ. ಕಲ್ಲಿನ ಜಾಗವನ್ನು ಯಂತ್ರಕ್ಕೆ ಅರ್ಧ ಗಂಟೆಯ ಹಿಂದೆ ನಾನೇ ಹೇಳಿಕೊಟ್ಟದ್ದು, ಅದು ನೆನಪಿಟ್ಟುಕೊಳ್ಳುವುದರಲ್ಲಿ ತಪ್ಪಿದೆ, ಅಷ್ಟೇ ಕಣಯ್ಯ ಎಂದು ಆಗಲೇ ಹೇಳಬೇಕಿತ್ತು. ಆದರೆ ಅವನು ಮರದಿಂದ ಎಳನೀರು ಇಳಿಸಿದ. ನಾಯಿಗಾ ಎಂದು ಕೇಳಿಸಿಕೊಂಡ ಯಂತ್ರಕ್ಕೆ ಮೊದಲ ಬಾರಿ ಮರ್ಯಾದೆ ಸಿಕ್ಕಿತ್ತು. ನಾನು ಎಳನೀರು ಕುಡಿದು, 'ನಮಗೇನು ಗೊತ್ತಾಗುತ್ತೆ ಬಿಡಪ್ಪ, ಎಲ್ಲ ಮೇಲಿನವರ ಲೆಕ್ಕ' ಎಂದು ಬಸ್ಸು ಹತ್ತಿದೆ.

ಎರಡು ದಿನಕ್ಕೆ ಅಕ್ಕನ ಫೋನು. 'ಲೋ ತಿಮ್ಮ, ನನ್ ನಾಲ್ಕು ಸಾಲು ಸೊಪ್ಪಿಗೆ ಮರಿಯಪ್ಪ ಹಗ್ಗ ಕಟ್ಟವ್ನೆ. ಸರ್ವೆ ಆಗೋಗಂಟ ಯಾರೂ ಕುಯ್ಯಂಗಿಲ್ಲ ಅಂತವ್ನೆ. ನಾಲ್ಕನೇ ಜ್ವರ ಎದ್ದವೆ ಕಣ್ಲಾ ಹುಳ, ಬಾಯ್ ಬುಟ್ಕೊಂಡು ಕೂತವೆ. ಬೇರೆ ಸೊಪ್ಪೆಲ್ಲ ಕುಯ್ದಾಯ್ತು. ಕೇಳಿದ್ರೆ, ನಿನ್ ತಮ್ಮನೇ ಮಿಷನ್ ಇಟ್ಟು ಅಳ್ದವ್ನೆ ಅಂತಾನೆ. ದಿಟವೇನ್ಲಾ?'

ರೇಷ್ಮೆಹುಳು ಬೆಳೆಯುವಾಗ ನಾಲ್ಕು ಸಲ ಮೇವು ಬಿಟ್ಟು ಮಂಕಾಗಿ ಮಲಗುತ್ತದೆ, ಅದಕ್ಕೆ ಜ್ವರ ಎನ್ನುತ್ತಾರೆ. ನಾಲ್ಕನೆಯ ಜ್ವರದಿಂದ ಎದ್ದ ಹುಳುವಿನ ಹಸಿವಿಗೆ ಸಮನಾದ ಹಸಿವು ಲೋಕದಲ್ಲಿಲ್ಲ. ಆಗ ಮೇವು ತಪ್ಪಿದರೆ ಗೂಡು ತೆಳುವಾಗುತ್ತದೆ. ತೆಳು ಗೂಡು ತಂದವರ ಮುಖಗಳನ್ನು ಮೂವತ್ತು ವರ್ಷ ತಕ್ಕಡಿಯ ಈಚೆಯಿಂದ ನೋಡಿದವನು ನಾನು. ಆ ಸಾಲಿನಲ್ಲಿ ಈಗ ಅಕ್ಕನ ಮುಖ ಕಂಡಿತು. ಕಂಡಕೂಡಲೇ ಏನು ಮಾಡಿದೆ? ಮಾಗಡಿಗೆ ಫೋನು ಮಾಡಿ ಹೊನ್ನಗಂಗಯ್ಯನವರನ್ನು ಬೈದೆ. ನಾಲ್ಕು ಹೆಜ್ಜೆ ತಪ್ಪು ಹೇಳುವ ಯಂತ್ರವನ್ನು ಮಾರಲು ನಾಚಿಕೆಯಾಗುವುದಿಲ್ಲವೇ ಎಂದೆ. ಅವರು ಪೂರ್ತಿ ಕೇಳಿಸಿಕೊಂಡು, 'ಎಷ್ಟು ಆಚೀಚೆ ಆಯ್ತದೆ ಅಂತ ಪರದೆ ಮೂಲೇಲಿ ಅದೇ ತೋರಿಸ್ತದಲ್ಲ ಸಾರ್. ನೀವು ನೋಡ್ಲಿಲ್ವಾ?' ಎಂದರು. ಇಲ್ಲ ಎಂದು ಕಿರುಚಿ ಫೋನು ಇಟ್ಟೆ.

ನೋಡಿದ್ದೆ. ಈ ಇಡೀ ಬರಹ ಬರೆಯುತ್ತಿರುವುದು ಆ ಒಂದು ಮಾತಿಗಾಗಿ. ಅಂದು ನಾಲ್ಕನೆಯ ಸಾಲಿನಲ್ಲಿ ನಿಂತಾಗಲೇ ಪರದೆಯ ಮೂಲೆಯಲ್ಲಿ ಐದು ಮೀಟರ್ ಹೆಚ್ಚುಕಡಿಮೆ ಎಂದು ಸಣ್ಣಗೆ ಬಂದಿತ್ತು. ಮರಿಯಪ್ಪ ಬಗ್ಗಿ ನೋಡಿದಾಗ ಅದರ ಮೇಲೆ ನನ್ನ ಹೆಬ್ಬೆರಳಿತ್ತು. ತಾನಾಗಿ ಹೋಗಿ ಕೂತಿತ್ತು ಎಂದು ಹೇಳಲು ಬಹಳ ಆಸೆಯಾಗುತ್ತದೆ. ನಾನೇ ಇಟ್ಟಿದ್ದೆ.

ಶಿವಲಿಂಗಯ್ಯನನ್ನು ಕರೆದುಕೊಂಡು ಮೊದಲ ಬಸ್ಸಿಗೇ ಅಕ್ಕೂರಿಗೆ ಹೋದೆ. ಕಲ್ಲಿನ ಹತ್ತಿರ ಅಕ್ಕ ಕುಡುಗೋಲು ಹಿಡಿದು ನಿಂತಿದ್ದಳು, ಆಚೆ ಮರಿಯಪ್ಪ, ಸುತ್ತ ಊರಿನ ಐದಾರು ಜನ. ನಾನು ಯಂತ್ರವನ್ನು ಎಲ್ಲರೆದುರು ಕಲ್ಲಿನ ಮೇಲಿಟ್ಟು ಗುಂಡಿ ಒತ್ತಿದೆ. ಬೇಲಿಯವರೆಗೆ ಹೋಗಿ ತಿರುಗಿ ಬಂದೆ. ಈ ಸಲ ಅದು ಮರಿಯಪ್ಪನ ಹುಲ್ಲಿನ ಮೆದೆಯ ಹತ್ತಿರ ಕೀಚ್ ಅಂದಿತು. ಇನ್ನೊಮ್ಮೆ ಹೋಗಿ ಬಂದೆ, ಗಾಡಿ ದಾರಿಯಲ್ಲಿ ಅಂದಿತು.

'ಇನ್ನೊಂದ್ಸಲ ಸುತ್ತಲಾ ತಿಮ್ಮ' ಎಂದಳು ಅಕ್ಕ. 'ಮರಿಯಪ್ಪನ ಕೊಟ್ಟಿಗೆ ನಮ್ಕಡೀಕೆ ಬಂದ್ಬುಡ್ಲಿ. ಎಮ್ಮೆ ಸಮೇತ.'

ಎಲ್ಲರೂ ನಕ್ಕರು. ಮರಿಯಪ್ಪ ನಗಲಿಲ್ಲ. 'ಹಂಗಾದ್ರೆ ಮಿಷನ್ ಸುಳ್ಳಾ ತಿಮ್ಮಣ್ಣ?' ಎಂದು ಕೇಳಿದ.

'ಹೂಂ ಅಂದ್ಬುಡ್ಲಾ, ಮುಗೀತದೆ' ಎಂದು ಶಿವಲಿಂಗಯ್ಯ ಬೆನ್ನಿಗೆ ತಿವಿದ. ಹೂಂ ಎಂದಿದ್ದರೆ ನಿಜವಾಗಿಯೂ ಮುಗಿಯುತ್ತಿತ್ತು. ಮೋಸ ಹೋದ ಮುದುಕ ಎಂದು ಕರುಣೆ ಪಟ್ಟು ಊಟ ಹಾಕುತ್ತಿದ್ದರು. ನಾಲಿಗೆಯ ತುದಿಗೂ ಬಂದಿತ್ತು. ಆದರೆ ಮರಿಯಪ್ಪ, ಅವತ್ತು ಅಪ್ಪನ ಮಾತೆತ್ತಿದಾಗಿನ ಹಾಗೆಯೇ, ಟವಲ್ಲು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ. 'ಮಿಷನ್ ಸುಳ್ಳು ಹೇಳಿಲ್ಲ ಮರಿಯಪ್ಪ' ಎಂದೆ. 'ಕಲ್ಲು ಎಲ್ಲಿದೆ ಅಂತ ಅದಕ್ಕೆ ಹೇಳಿಕೊಟ್ಟೋನು ನಾನೇ. ಐದು ಮೀಟರ್ ಆಚೀಚೆ ಆಗ್ಬಹುದು ಅಂತ ಅದು ಅವತ್ತೇ ತೋರಿಸ್ತು. ನೀನು ನೋಡಬಾರ್ದು ಅಂತ ನಾನು ಹೆಬ್ಬೆರಳಲ್ಲಿ ಮುಚ್ಚಿದ್ದೆ.'

ಮರಿಯಪ್ಪ ಹೋಗಿ ಹಗ್ಗ ಬಿಚ್ಚಿದ, ನಿಧಾನವಾಗಿ ಮೊಣಕೈಗೆ ಸುತ್ತಿಕೊಂಡ. ನನ್ನ ಪಕ್ಕದಲ್ಲಿ ಹಾದುಹೋಗುವಾಗ, 'ಎರಡು ದಿನ ನಮ್ಮಪ್ಪನ ಮಾತು ದಿಟ ಆಗಿತ್ತು ತಿಮ್ಮಣ್ಣ' ಎಂದ. ಬೈದಿದ್ದರೆ ನಾನೂ ನಾಲ್ಕು ಮಾತಾಡುತ್ತಿದ್ದೆ. ಅಕ್ಕ ಮಾತ್ರ ಕುಡುಗೋಲನ್ನು ನನ್ನ ಕೈಗೆ ಕೊಟ್ಟು ಸಾಲಿನ ಕಡೆ ತೋರಿಸಿದಳು. 'ಕುಯ್ಯಿ. ಹೆಬ್ಬೆರಳು ಜ್ವಾಪಾನ.' ಕತ್ತಲಾಗುವವರೆಗೆ ಸೊಪ್ಪು ಕೊಯ್ದು ಹೊತ್ತೆ. ಹುಳುಗಳು ಮಳೆ ಬಿದ್ದ ಸದ್ದಿನಲ್ಲಿ ತಿನ್ನತೊಡಗಿದವು. ಅಕ್ಕ ಮುದ್ದೆ ಬಡಿಸಿದಳು, ಮಾತಾಡಿಸಲಿಲ್ಲ. ಮಾತು ಬಂದದ್ದು ಗೂಡು ಮಾರಿದ ಮೇಲೆ.

ಸುದ್ದಿ ಹೇಗೋ ಶಶಿಕಲಾಳ ಡಬ್ಬಿ ಹುಡುಕುವ ಬಳಗಕ್ಕೆ ಮುಟ್ಟಿ, ಈಗ ಯಾರ್ಯಾರೋ ನನಗೆ ಫೋನು ಮಾಡಿ ಕೇಳುತ್ತಾರೆ: 'ಅಂಕಲ್, ಕಡಿಮೆ ಬೆಲೆಗೆ ಯಾವ ಜಿಪಿಎಸ್ ಒಳ್ಳೇದು?' ಮೀನಿಗೂ ಹಿಮಕ್ಕೂ ದುಡ್ಡು ಕೊಡಬೇಡಿ ಎನ್ನುತ್ತೇನೆ. ಹಳೆಯದೇ ಸಾಕು, ಡಬ್ಬಿ ಹುಡುಕುವವನಿಗೆ ಐದು ಮೀಟರ್ ಏನೂ ಅಲ್ಲ, ಅಷ್ಟನ್ನು ಕಣ್ಣಿನಲ್ಲಿ ಹುಡುಕುವುದೇ ಆಟ ಎನ್ನುತ್ತೇನೆ. 'ದುಬಾರಿಯದು ತಗೊಂಡಿದ್ರೆ ಚೆನ್ನಾಗಿರ್ತಿತ್ತು ಅನ್ಸಲ್ವಾ?' ಎಂದು ಕೆಲವರು ಕೆದಕುತ್ತಾರೆ. ಇಲ್ಲಪ್ಪ. ದುಬಾರಿಯದು ಮೂಲೆಯಲ್ಲಿ ಒಂದೇ ಮೀಟರ್ ಎಂದು ತೋರಿಸುತ್ತಿತ್ತು. ಅದರ ಮೇಲೂ ನನ್ನ ಹೆಬ್ಬೆರಳು ಹೋಗಿ ಕೂರುತ್ತಿತ್ತು, ಮತ್ತು ಒಂದು ಮೀಟರಿನ ಸುಳ್ಳಾದರೆ ಇವತ್ತಿಗೂ ನಾನು ಒಪ್ಪಿಕೊಂಡಿರುತ್ತಿರಲಿಲ್ಲ.