ಇಂಗ್ಲಿಷ್ ಬರೆಸಲು ಹೋದವಳ ಪಾಡು

ಗಣಿತದ ಮೇಷ್ಟ್ರಿಗೆ ಮನೆಗೆ ಹೋಗಿ ಹೇಳಲು ಏನೂ ಇರುವುದಿಲ್ಲ. ಎರಡಕ್ಕೆ ಎರಡು ಕೂಡಿಸಿದರೆ ಮಳವಳ್ಳಿಯಲ್ಲೂ ನಾಲ್ಕೇ, ಮಂಡ್ಯದಲ್ಲೂ ನಾಲ್ಕೇ. ಕಾಲೇಜಿನಲ್ಲಿ ಇಂಗ್ಲಿಷ್ ಬರವಣಿಗೆ ಕಲಿಸುವ ನನ್ನಂಥವರಿಗೆ ಮಾತ್ರ ಒಂದಲ್ಲ ಒಂದು ಒದಗುತ್ತಲೇ ಇರುತ್ತದೆ. ಮಳವಳ್ಳಿ, ಮದ್ದೂರು, ಮಂಡ್ಯ, ಮೂರೂ ಕಡೆ ಪಾಠ ಮಾಡಿದ್ದೇನೆ. ಮೂರೂ ಕಡೆ ಮಕ್ಕಳು ಸೇರಿ ನನಗೆ ಪಾಠ ಮಾಡಿದ್ದಾರೆ.

ನೀರು ಕಟ್ಟುವುದು

ಮಳವಳ್ಳಿಯಲ್ಲಿ ನನಗೆ ಕೆಲಸ ಹೊಸದು. ಮೈಸೂರಿನ ಪೇಟೆಯಲ್ಲಿ ಬೆಳೆದವಳು, ಗದ್ದೆಯನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದಷ್ಟೇ. "ನಿಮ್ಮ ಮನೆಯವರು ಬೆಳಗ್ಗೆ ಎದ್ದು ಏನು ಮಾಡ್ತಾರೆ, ಇಂಗ್ಲಿಷಲ್ಲಿ ಬರೀರಿ" ಎಂದೆ. ಮುಂದಿನ ಬೆಂಚಿನ ಹುಡುಗ ಎದ್ದು ಗಟ್ಟಿಯಾಗಿ ಓದಿದ: "ಮೈ ಫಾದರ್ ಗೋಸ್ ಟು ದ ಫೀಲ್ಡ್ ಅಂಡ್ ಟೈಸ್ ದ ವಾಟರ್."

"ನೀರನ್ನ ಹೇಗಪ್ಪಾ ಟೈ ಮಾಡ್ತಾರೆ? ಹಗ್ಗದಲ್ಲಾ?"

ಇಡೀ ತರಗತಿ ನನ್ನನ್ನು ಕನಿಕರದಿಂದ ನೋಡಿತು. "ಗದ್ದೆಗೆ ನೀರು ಕಟ್ಟದು ಗೊತ್ತಿಲ್ವಾ ಮೇಡಂ?" ಎಂದು ಹಿಂದಿನಿಂದ ಯಾರೋ ಕೇಳಿದರು.

ನಾನು ಬೋರ್ಡಿನ ಮೇಲೆ 'ಇರಿಗೇಟ್' ಎಂದು ಬರೆದು, ಅದಕ್ಕೆ ಹೀಗನ್ನಬೇಕು ಎಂದೆ. ಹುಡುಗ ಒಪ್ಪಲಿಲ್ಲ.

"ಇರಿಗೇಸನ್ ಅಂದ್ರೆ ಆಫೀಸ್ನೋರು ಅಲ್ವಾ ಮೇಡಂ? ಅವ್ರು ಕಾಲುವೆಗೆ ನೀರು ಬುಡ್ತಾರೆ. ಕೆಸ್ರಲ್ಲಿ ನಿಂತ್ಕಂಡು ಕಟ್ಟೋನು ನಮ್ಮಪ್ಪ. ಅವ್ರ ಎಸ್ರು ಯಾಕ್ ಬರೀಬೇಕು?"

ಗಂಟೆ ಹೊಡೆಯುವವರೆಗೂ ವಾದ ನಡೆಯಿತು. ಕೊನೆಗೆ ಅವನೇ ದೊಡ್ಡ ಮನಸ್ಸು ಮಾಡಿ ರಾಜಿಗೆ ಬಂದ. "ಓಗ್ಲಿ ಬುಡಿ ಮೇಡಂ, ನಿಮ್ಗೂ ಬ್ಯಾಡ ನಂಗೂ ಬ್ಯಾಡ. ಇಂಗ್ ಬರೀತೀನಿ: ಆಫೀಸರ್ ಇರಿಗೇಟ್ಸ್, ಮೈ ಫಾದರ್ ಟೈಸ್."

ಅವ್ವನ ಪಿಯಾನೊ

ಈಗ ಫೋನಿಗೆ ಹೇಳಿದರೆ ಸಾಕು, ಪ್ರಬಂಧವನ್ನು ಅದೇ ಬರೆದುಕೊಡುತ್ತದೆ. 'ನನ್ನ ತಾಯಿ' ಎಂಬ ವಿಷಯ ಕೊಟ್ಟಿದ್ದೆ. ಮದ್ದೂರು ಬಳಿಯ ಕೊಪ್ಪದ ಕಡೆಯಿಂದ ಬರುವ ಒಬ್ಬ ಹುಡುಗನ ಪ್ರಬಂಧದಲ್ಲಿ ಒಂದು ಕಾಗುಣಿತವೂ ತಪ್ಪಿರಲಿಲ್ಲ. ಮಳೆಯ ಸಂಜೆಗಳಲ್ಲಿ ತಾಯಿ ಬಿಳಿಯ ಗೌನು ತೊಟ್ಟು ಪಿಯಾನೊ ನುಡಿಸುತ್ತಾಳೆ ಎಂದಿತ್ತು. ಆ ತಾಯಿಯನ್ನು ನಾನು ಕಂಡಿದ್ದೆ. ಫೀಸು ಕಟ್ಟಲು ಬಂದವರು, ಎಮ್ಮೆಗೆ ಹೊತ್ತಾಯಿತೆಂದು ರಸೀದಿಗೂ ಕಾಯದೆ ಓಡಿದ್ದರು.

ಹುಡುಗನನ್ನು ಸ್ಟಾಫ್ ರೂಮಿಗೆ ಕರೆಸಿದೆ. "ನಿಮ್ಮಮ್ಮ ಪಿಯಾನೊ ಬಾರಿಸ್ತಾರೇನೋ?"

ಅವನು ಗಾಬರಿಯಾದ. "ಅಂಗಂತ ಬರ್ದೈತಾ ಮೇಡಂ?"

"ಬರೆದೋನು ನೀನಲ್ವಾ?"

ತಲೆ ತಗ್ಗಿಸಿ, ಕಾಲಿನ ಹೆಬ್ಬೆರಳಲ್ಲಿ ನೆಲ ಕೆರೆಯುತ್ತ ಹೇಳಿದ: "ನಮ್ಮವ್ವ ಬಾರ್ಸದು ನನ್ನೊಬ್ಬುನ್ನೇ ಮೇಡಂ."

ಸ್ಟಾಫ್ ರೂಮಿನಲ್ಲಿದ್ದವರೆಲ್ಲ ಕಾಫಿ ಚೆಲ್ಲಿಕೊಂಡರು. ನನಗೆ ಮಾತ್ರ ಆ ಮಾತು ಬಹಳ ಹಿಡಿಸಿತು. ಫೋನು ಪಕ್ಕಕ್ಕಿಟ್ಟು, ಈಗ ಹೇಳಿದ್ದನ್ನೇ ಇಂಗ್ಲಿಷಿನಲ್ಲಿ ಬರಿ ಎಂದು ಅಲ್ಲೇ ಕೂರಿಸಿದೆ. ತುಂಬ ಹೊತ್ತು ಪೆನ್ನು ಕಚ್ಚಿ ಬರೆದುಕೊಟ್ಟ: "ಮೈ ಮದರ್ ಪ್ಲೇಯ್ಸ್ ಮಿ ಡೈಲಿ."

ವಿನಯವಾಗಿ ವಡೆ ಕೇಳುವುದು

ಮದ್ದೂರಿನಲ್ಲಿ ಸಂಭಾಷಣೆ ಬರೆದು ಅಭಿನಯಿಸುವ ಪಾಠ. ವಿಷಯ, ರೈಲು ನಿಂತಾಗ ವಡೆ ಕೊಳ್ಳುವುದು. ಒಬ್ಬ ಹುಡುಗ ಪ್ಲಾಟ್‌ಫಾರಮ್ಮಿನಲ್ಲಿ ವಡೆ ಮಾರುವವನಾದ. ಮಿಕ್ಕವರೆಲ್ಲ ಹೆಗಲ ಮೇಲೆ ಕೈಯಿಟ್ಟು ಸಾಲಾಗಿ ನಿಂತು ರೈಲಾದರು. ರೈಲಿನ ನಡುವಿನಲ್ಲಿದ್ದ ಒಬ್ಬಳು ಪ್ರಯಾಣಿಕಳು. "ಬರೀ 'ಗಿವ್ ವಡೆ' ಅನ್ನೋ ಹಾಗಿಲ್ಲ, ಪೂರ್ತಿ ವಿನಯ ಇರಬೇಕು" ಎಂದು ತಾಕೀತು ಮಾಡಿದೆ.

ಹುಡುಗಿ ಕಲಿಸಿದಂತೆ ಶುರು ಮಾಡಿದಳು. "ಎಕ್ಸ್‌ಕ್ಯೂಸ್ ಮಿ ಸರ್, ಐ ವಂಡರ್ ಇಫ್ ಯು ವುಡ್ ಬಿ ಸೋ ಕೈಂಡ್ ಆ್ಯಸ್ ಟು..."

ಎಂಜಿನ್ ಆಗಿದ್ದ ಹುಡುಗ "ಕೂ" ಎಂದ. ರೈಲು ಹೊರಟಿತು. ಹುಡುಗಿಯನ್ನೂ ಎಳೆದುಕೊಂಡು ಬಾಗಿಲು ದಾಟಿ, ಕಾರಿಡಾರಿನಲ್ಲಿ ತಿರುಗಿ, ಚುಕುಬುಕು ಎನ್ನುತ್ತ ನೇರ ಕ್ಯಾಂಟೀನಿಗೆ ಹೋಯಿತು. ವಾಪಸು ಬರಲಿಲ್ಲ.

ತರಗತಿಯಲ್ಲಿ ಉಳಿದದ್ದು ನಾನು ಮತ್ತು ವಡೆ ಮಾರುವವನು. ಅವನು ಖಾಲಿ ಬೆಂಚುಗಳನ್ನೊಮ್ಮೆ ನೋಡಿ ನಿಟ್ಟುಸಿರಿಟ್ಟ. "ವಿನಯ ಮಾಡ್ಸಿ ನನ್ ಯಾಪಾರ ಕೆಡ್ಸುದ್ರಲ್ಲ ಮೇಡಂ. ಅವರತ್ರನೇ ಓಗಿ ಮಾರ್ಲಾ?"

ಬೆಳಗಿನ ಬಸ್ಸು

ಈ ಕೊನೆಯ ಕತೆಯ ಹುಡುಗಿ ಈಗ ಪಾಸಾಗಿ ಬಿ.ಎಡ್ ಓದುತ್ತಿದ್ದಾಳೆ, ಆದ್ದರಿಂದ ಧೈರ್ಯವಾಗಿ ನಗಬಹುದು. ಆಗ ನಗುವ ಸ್ಥಿತಿ ಇರಲಿಲ್ಲ. ಮಂಡ್ಯದ ಕಾಲೇಜು, ಅವಳೂರು ಕೆರಗೋಡಿನಿಂದಾಚೆ. ಬೆಳಗಿನ ಬಸ್ಸು ಅವಳೂರ ಮೇಲೆಯೇ ಹೋದರೂ ನಿಲ್ಲುತ್ತಿರಲಿಲ್ಲ. ಮುಂದಿನ ಊರಿಗೆ ನಡೆದು ಬೇರೆ ಬಸ್ಸು ಹಿಡಿದು ಬರುವಷ್ಟರಲ್ಲಿ ಮೊದಲ ಪಾಠ ಮುಗಿದಿರುತ್ತಿತ್ತು. ಹಾಜರಾತಿ ಸಾಲದೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದಾಗಿತ್ತು.

ಮನವಿ ಪತ್ರ ಬರೆಯುವ ಪಾಠದಲ್ಲಿ ಅವಳು ತನ್ನ ಕಷ್ಟವನ್ನೇ ಬರೆದಳು. ಬೆಳಗಿನ ಬಸ್ಸಿನಿಂದ ನಮ್ಮ ಊರಿಗೆ ಬಹಳ ತೊಂದರೆಯಾಗಿದೆ, "ಪ್ಲೀಸ್ ಸ್ಟಾಪ್ ದ ಬಸ್." ವ್ಯಾಕರಣ ಸರಿಯಾಗಿದೆ ಎಂದು ಮೆಚ್ಚಿದೆ. ಅವಳು ಊರವರ ಸಹಿ ಹಾಕಿಸಿ ಡಿಪೋಗೇ ಕಳಿಸಿಬಿಟ್ಟಳು.

ಮುಂದಿನ ವಾರ ಬಸ್ಸು ಆ ದಾರಿಗೆ ಬರುವುದೇ ನಿಂತುಹೋಯಿತು.

ಅವಳ ತಾತ ಕಾಲೇಜಿಗೇ ಬಂದರು. "ಇಲ್ಲಿ ಇಂಗ್ಲೀಸ್ ಮೇಡಮ್ಮೋರು ಯಾರವ್ವ? ನಾವು ಕನ್ನಡ್ದಲ್ಲಿ ಬೈಕಂಡಿದ್ದಾಗ ಬಸ್ಸು ದಿನಾ ಬತ್ತಿತ್ತು. ನಿಮ್ಮ ಇಂಗ್ಲೀಸಲ್ಲಿ ಬರುದ್ಮೇಲೆ ಇದ್ದುದ್ದೂ ಓಯ್ತು ಕಣವ್ವ!"

ಅವರನ್ನು ಕರೆದುಕೊಂಡು ಡಿಪೋಗೆ ಹೋದೆ. ಸಾಹೇಬರು ಪತ್ರ ತೆಗೆದು ತೋರಿಸಿದರು. "ಊರಿಗೆ ಊರೇ ಸಹಿ ಹಾಕಿ ಸ್ಟಾಪ್ ಮಾಡಿ ಅಂದಿದ್ದೀರಿ. ಮಾಡಿದ್ವಿ."

ನಾನು ವಿವರಿಸಲು ಬಾಯಿ ತೆರೆದೆ. ತಾತ ನನ್ನನ್ನು ಪಕ್ಕಕ್ಕೆ ಸರಿಸಿದರು. "ನಿಮ್ ಇಂಗ್ಲೀಸ್ ಸಾಕು ಸುಮ್ಕಿರವ್ವ. ಕನ್ನಡ್ದಲ್ಲಿ ನಾನ್ ಏಳ್ತೀನಿ." ಸಾಹೇಬರಿಗೆ ಕೈಮುಗಿದರು. "ಸ್ವಾಮಿ, ಏನೇ ಆಗ್ಲಿ, ನಮ್ಮೂರಲ್ಲಿ ಬಸ್ಸ ಮಾತ್ರ ನಿಲ್ಲಿಸ್‌ಬ್ಯಾಡಿ."

ಸಾಹೇಬರು ಕರಗಿಹೋದರು. "ಆಯ್ತು ಯಜಮಾನ್ರೇ, ನಿಲ್ಲಿಸಲ್ಲ. ನಾಳೆಯಿಂದಲೇ ಡ್ರೈವರ್‌ಗೆ ಹೇಳ್ತೀನಿ." ತಾತ ಮೀಸೆ ತಿರುವಿಕೊಂಡು ಹೊರಬಂದರು.

ಮರುದಿನ ಬೆಳಗ್ಗೆ ಹುಡುಗಿಯ ಫೋನು. "ಮೇಡಂ, ಬಸ್ಸು ಬಂತು!"

"ಒಳ್ಳೇದಾಯ್ತು ಕಣಮ್ಮ. ಹತ್ತಿದ್ಯಾ?"

"ಇಲ್ಲ ಮೇಡಂ. ಊರೋರೆಲ್ಲ ರೋಡಲ್ಲಿ ನಿಂತ್ಕಂಡು ಕೈ ಅಡ್ಡ ಆಕುದ್ವಿ. ಡ್ರೈವರು ಕಿಟ್ಕೀಲಿ ತಲೆ ಆಕಿ, 'ನಿಲ್ಲಿಸ್‌ಬ್ಯಾಡಿ ಅಂತ ನೀವೇ ಏಳಿದ್ರಂತಲ್ಲಾ!' ಅಂತ ಕೂಗ್ಕಂಡು ಓಯ್ತಾನೇ ಅವ್ನೆ."