ಪಕ್ಕವಾದ್ಯದವರು ಹಾಡಿದ ಪರೀಕ್ಷೆ

ಕರ್ನಾಟಕ ಸಂಗೀತದ ಥಿಯರಿಯಲ್ಲಿ ನನ್ನನ್ನು ಮೀರಿಸುವವರು ಕಲಬುರಗಿಯಲ್ಲಿ ಇನ್ನೂ ಹುಟ್ಟಿಲ್ಲ. ಇದನ್ನು ಅಹಂಕಾರದಿಂದ ಹೇಳುತ್ತಿಲ್ಲ. ಹಿಂದೂಸ್ತಾನಿಯವರೇ ತುಂಬಿರುವ ನಮ್ಮೂರಲ್ಲಿ ಇದನ್ನು ಓದುವವರು ಬೆರಳೆಣಿಕೆಯಷ್ಟು ಜನ, ಅದಕ್ಕೇ ಇಷ್ಟು ಧೈರ್ಯ. ಎಪ್ಪತ್ತೆರಡು ಮೇಳಕರ್ತ ರಾಗಗಳನ್ನು ಹಿಂದುಮುಂದಾಗಿ ಒಪ್ಪಿಸಬಲ್ಲೆ. ಗಮಕಗಳ ಬಗೆಗಳನ್ನು ಮಧ್ಯಾಹ್ನದ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ನಮ್ಮ ಯಜಮಾನರು ಒಮ್ಮೆ ಎಬ್ಬಿಸಿ ಕೇಳಿಯೂ ನೋಡಿದ್ದಾರೆ. ಹೇಳಿದೆ! ಹಾಡು ಅಂದರೆ ಮಾತ್ರ ಸ್ವಲ್ಪ ತೊಂದರೆ.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಸುಮಂಗಲಾ. ಕುಸನೂರ ರಸ್ತೆಯಲ್ಲಿ ನಮ್ಮ ಪಕ್ಕದ ಮನೆಗೆ ಮೈಸೂರಿನಿಂದ ವರ್ಗವಾಗಿ ಬಂದಿದ್ದ ಟೀಚರೊಬ್ಬರು ಹತ್ತು ವರ್ಷ ನನಗೆ ಸಂಗೀತ ಹೇಳಿಕೊಟ್ಟರು. ನಿವೃತ್ತಿಯಾಗಿ ಊರಿಗೆ ಹೊರಟಾಗ, "ಎಂ.ಮ್ಯೂಸಿಕ್ ಮಾಡಿಬಿಡಿ ಸುಮಂಗಲಾ, ನಿಮ್ಮ ಕೈಲಾಗುತ್ತೆ" ಎಂದು ಹೇಳಿ ಹೋದರು. ಸೌಜನ್ಯಕ್ಕೆ ಹೇಳಿದ ಮಾತು ಎಂದು ನನಗೆ ಹೊಳೆಯಲೇ ಇಲ್ಲ. ನಲವತ್ತಾರನೇ ವಯಸ್ಸಿನಲ್ಲಿ ಹೆಸರು ಹಚ್ಚಿದೆ.

ಥಿಯರಿ ಪತ್ರಿಕೆಗಳನ್ನು ಹುರಿದ ಶೇಂಗಾ ತಿಂದಂತೆ ಮುಗಿಸಿದೆ. ಕೊನೆಯಲ್ಲಿ ಇದ್ದದ್ದು ಪ್ರಾಯೋಗಿಕ ಪರೀಕ್ಷೆ. ಪರೀಕ್ಷಕರ ಎದುರು ಅರ್ಧ ಗಂಟೆ ಕಛೇರಿ ಮಾಡಬೇಕು, ಪಕ್ಕವಾದ್ಯದವರನ್ನು ನಾವೇ ಕರೆತರಬೇಕು. ಮೊದಲ ಸಲ ಮೃದಂಗದ ವಿದ್ವಾಂಸರೊಬ್ಬರನ್ನು ಕರೆದುಕೊಂಡು ಹೋದೆ. ನನ್ನ ರೋಗವೇನೆಂದರೆ, ಒಂದು ಸಾಲು ಮುಗಿದ ಕೂಡಲೇ ತಾಳದ ಸುತ್ತು ಮುಗಿಯುವ ಮೊದಲೇ ಮುಂದಿನ ಸಾಲಿಗೆ ಹಾರಿಬಿಡುತ್ತೇನೆ. ವಿದ್ವಾಂಸರು ಸ್ವಲ್ಪ ಹೊತ್ತು ನನ್ನ ಬೆನ್ನಟ್ಟಿದರು. ಆಮೇಲೆ ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತ ಕೂತರು. ಫೇಲಾದೆ.

ಇನ್ನು ಉಳಿದದ್ದು ಒಂದೇ ಅವಕಾಶ. ಈ ಸಲವೂ ಹೋದರೆ ನೋಂದಣಿಯೇ ರದ್ದು. ಎರಡು ವರ್ಷ ಶಾಲೆ, ಅಡುಗೆ, ಪಾತ್ರೆಗಳ ನಡುವೆ ಓದಿ ಗಳಿಸಿದ ಥಿಯರಿ ಅಂಕಗಳೂ ಅದರ ಜೊತೆಗೇ ನೀರುಪಾಲು. ಶಾಲೆಯಲ್ಲಿ ಸನ್ಮಾನಕ್ಕೆ ಶಾಲು ಬೇರೆ ತಂದಿಟ್ಟಿದ್ದರು. ನನಗೆ ನಿಜಕ್ಕೂ ಹೆದರಿಕೆಯಾಗಿತ್ತು.

ಪರೀಕ್ಷೆಗೆ ನಾಲ್ಕು ದಿನ ಇರುವಾಗ ಮೃದಂಗದ ವಿದ್ವಾಂಸರು ಫೋನ್ ಮಾಡಿದರು. "ಮೇಡಂ, ಕೈ ಭಾಳ ನೋಯ್ಲಾಕತ್ತಾದ್ರಿ. ಈ ಸಲ ಬರ್ಲಾಕ ಆಗಂಗಿಲ್ಲ."

"ಯಾವ ಕೈ ಸರ್?" ಎಂದೆ.

ಅವರು ಸ್ವಲ್ಪ ಯೋಚಿಸಿ, "ಎರಡೂ" ಎಂದರು.

ನಾನು ತಲೆಯ ಮೇಲೆ ಕೈಹೊತ್ತು ಕೂತೆ. ಆಗ ಬಂದರು ನಮ್ಮ ಯಜಮಾನರು ಬಸವರಾಜ. ಅವರು ಕಪನೂರಿನ ತೊಗರಿಬೇಳೆ ಮಿಲ್ಲಿನಲ್ಲಿ ಸೂಪರ್‌ವೈಸರ್. ಮಿಲ್ಲಿನಲ್ಲಿ ಯಾವ ಯಂತ್ರ ಕೆಟ್ಟರೂ ಅವರಿಗೆ ನೆನಪಾಗುವುದು ಒಂದೇ ಹೆಸರು, ಫಿಟ್ಟರ್ ಮಲ್ಲಪ್ಪ. ನಾನು ಕೆಟ್ಟು ನಿಂತಾಗಲೂ ಅದೇ ಹೆಸರು ನೆನಪಾಯಿತು.

"ಅದಕ್ಕ್ಯಾಕ ಇಷ್ಟ್ ಫಿಕರ್ ಮಾಡ್ತಿ? ನಮ್ಮ ಮಲ್ಲಪ್ಪ ಹಾನಲ್ಲ! ಕಮಲಾಪುರ ಭಜನಿ ಮಂಡಳ್ಯಾಗ ತಬಲಾ ಬಾರಸ್ತಾನ. ಏನ್ ಕೈ ಅಂತಿ ಅವಂದು!"

"ಕರ್ನಾಟಕ ಸಂಗೀತಕ್ಕ ತಬಲಾ ಏನ್ರೀ? ಅದೂ ಭಜನಿ ತಬಲಾ?"

"ನಿಂದು ಎಷ್ಟ್ ಮಾತ್ರಿ ತಾಳ?"

"ಎಂಟು."

"ಅವಂದೂ ಎಂಟೇ. ನೀ ಗಣಿತದ ಟೀಚರ್ ಹೌದಲ್ಲೋ?"

ಈ ತರ್ಕಕ್ಕೆ ನಾನು ಬಿದ್ದೆ. ಎಂಟು ಎಂದರೆ ಯಾವ ಜಿಲ್ಲೆಯಲ್ಲಾದರೂ ಎಂಟೇ. ಪರೀಕ್ಷೆಯ ನಿಯಮಾವಳಿ ತೆಗೆದು ನೋಡಿದೆ. 'ಲಯವಾದ್ಯ' ಎಂದಷ್ಟೇ ಇತ್ತು, ಇಂಥದ್ದೇ ಇರಬೇಕು ಎಂದಿರಲಿಲ್ಲ. ಭಾನುವಾರ ಬೆಳಿಗ್ಗೆ ಹುಮನಾಬಾದ್ ಬಸ್ಸು ಹತ್ತಿ ಕಮಲಾಪುರದಲ್ಲಿ ಇಳಿದೆ.

ಮಲ್ಲಪ್ಪನ ಮನೆಯಲ್ಲಿ ಮಂಡಳಿಯ ಇನ್ನಿಬ್ಬರು ಹಿರಿಯರು ಕಾದಿದ್ದರು. ಒಬ್ಬರು ಹಾರ್ಮೋನಿಯಂ ನುಡಿಸುವ ಶಿವಶರಣಪ್ಪ ಮಾಮಾ, ಇನ್ನೊಬ್ಬರು ಕಂಚಿನ ತಾಳ ಹಿಡಿಯುವ ಕಾಶಪ್ಪ ಮಾಮಾ. ಅಭ್ಯಾಸಕ್ಕೆ ಕೂತೆವು. ಒಂದು ಸಾಲು ಹಾಡಿದೆ. ಮಲ್ಲಪ್ಪ ಠೇಕಾ ಹಿಡಿದ. ನಿಜಕ್ಕೂ ಚೆನ್ನಾಗಿತ್ತು. ಇನ್ನೇನು ಎರಡನೇ ಸಾಲು ಅನ್ನುವಷ್ಟರಲ್ಲಿ ಅವನ ಹೆಂಡತಿ ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ತಂದಿಟ್ಟು, "ಮೊದಲು ಊಟ ಮಾಡ್ರಿ ಅಕ್ಕಾರ, ಹಾಡು ಎಲ್ಲಿ ಓಡಿ ಹೋಗ್ತದ" ಅಂದಳು. ಮೂರು ರೊಟ್ಟಿ ತಿಂದ ಮೇಲೆ ಯಾರಿಗೆ ಅಭ್ಯಾಸ ಬೇಕು? ಇವರೂ ಎಂಟು, ನಾನೂ ಎಂಟು, ಲೆಕ್ಕ ಸರಿಯಾಗಿದೆ ಎಂದು ತೀರ್ಮಾನಿಸಿದೆ. ಒಂದು ಗೊನೆ ಕೆಂಪು ಬಾಳೆಹಣ್ಣು ಕಟ್ಟಿಸಿಕೊಂಡು ಹೊರಟುನಿಂತೆ.

ಹೊಸ್ತಿಲಲ್ಲಿ ನಿಂತು ನನ್ನ ಸರ್ವನಾಶದ ಮಾತನ್ನು ನಾನೇ ಆಡಿದೆ. "ಮಲ್ಲಪ್ಪಾ, ಹೋದ ಸಲ ಪಕ್ಕವಾದ್ಯದೋರು ನಡುವ ಕೈಬಿಟ್ರು. ನೀವಾದ್ರೂ ನನ್ನ ಒಬ್ಬಾಕಿನ್ನೇ ಬಿಡಬ್ಯಾಡ್ರಪ್ಪ."

ಮಲ್ಲಪ್ಪ ಎದೆಯ ಮೇಲೆ ಕೈಯಿಟ್ಟ. "ಬಿಡೂದಂದ್ರೇನ್ರಿ ಅಕ್ಕಾರ? ನಮ್ಮ ಭಜನ್ಯಾಗ ಮುಂದ ಹಾಡೋರ್ನ ಒಬ್ಬರ್ನೇ ಬಿಟ್ರ ಪಾಪ ಬರ್ತದ್ರಿ!"

ನನಗೆ ಕಣ್ಣು ತುಂಬಿ ಬಂತು. ಆ ಮಾತಿನ ಅರ್ಥವೇನು ಎಂದು ಕೇಳುವ ಬುದ್ಧಿ ಮಾತ್ರ ಬರಲಿಲ್ಲ.

ಪರೀಕ್ಷೆಯ ದಿನ ಮೂವರೂ ಬಂದಿಳಿದರು. ಬಿಳಿ ಧೋತರ, ಬಿಳಿ ಟೋಪಿ, ಹಣೆಗೆ ಮೂರು ಬೆರಳು ವಿಭೂತಿ. ಬಾಗಿಲಲ್ಲಿದ್ದ ಗುಮಾಸ್ತರು, "ಇವರೆಲ್ಲಾ ಯಾರ್ರೀ?" ಎಂದು ಕೇಳಿದರು.

"ಪಕ್ಕವಾದ್ಯ" ಎಂದೆ.

"ಜಾತ್ರಿಗಿ ಹೊಂಟಂಗ ಕಾಣ್ತಾರಲ್ಲ" ಎಂದು ಗೊಣಗುತ್ತ ಒಳಗೆ ಬಿಟ್ಟರು.

ಒಳಗೆ ನೋಡಿದರೆ ಹೋದ ಸಲದ ಪರೀಕ್ಷಕರೇ! ಮೈಸೂರಿನ ಕಡೆಯ ಹಿರಿಯ ಮೇಡಂ. ಕನ್ನಡಕದ ಮೇಲಿಂದ ನನ್ನನ್ನು, ಆಮೇಲೆ ಮೂರು ಟೋಪಿಗಳನ್ನು, ಮತ್ತೆ ನನ್ನನ್ನು ನೋಡಿದರು. "ಶುರು ಮಾಡಿ" ಎಂದರು.

ತೆಲುಗು ಕೃತಿಯೊಂದರ ಪಲ್ಲವಿ ಎತ್ತಿಕೊಂಡೆ. ಮೊದಲ ಸಾಲು ಚೆನ್ನಾಗಿಯೇ ಬಂತು. ಮತ್ತೊಮ್ಮೆ ಹಾಡಲು ಬಾಯಿ ತೆರೆಯುವುದರೊಳಗೆ ನನ್ನ ಬೆನ್ನ ಹಿಂದಿನಿಂದ ಅದೇ ಸಾಲು ಕೇಳಿಸಿತು. ಮೂರು ಗಂಟಲಲ್ಲಿ!

ಮುಂದೆ ಹಾಡುವವರನ್ನು ಒಬ್ಬರನ್ನೇ ಬಿಡಬಾರದು ಎಂದರೆ ಇದು! ಮುಂದಿನವರು ಒಂದು ಸಾಲು ಹೇಳಿದರೆ ಹಿಂದಿನವರು ಅದನ್ನು ತಿರುಗಿ ಹೇಳಬೇಕು, ಅದು ಭಜನೆಯ ಧರ್ಮ. ಅವರು ಧರ್ಮ ಪಾಲಿಸುತ್ತಿದ್ದರು.

ಕರ್ನಾಟಕ ಸಂಗೀತದಲ್ಲಿ ಒಂದೇ ಸಾಲನ್ನು ಸ್ವಲ್ಪ ಸ್ವಲ್ಪ ಬದಲಿಸಿ ಹಾಡುತ್ತೇವೆ, ಅದಕ್ಕೆ ಸಂಗತಿ ಅನ್ನುತ್ತಾರೆ. ನಾನು ಎರಡನೇ ಸಂಗತಿ ಹಾಕಿದೆ. ಅವರೂ ಎರಡನೇ ಸಂಗತಿ ಹಾಕಿದರು. ಮೂರನೆಯದು ಸ್ವಲ್ಪ ಕಷ್ಟದ್ದು, ನನಗೆ ಅರ್ಧಂಬರ್ಧ ಬಂತು. ಅವರಿಗೆ ಪೂರ್ತಿ ಬಂತು! ಕಾಶಪ್ಪ ಮಾಮಾ ಗಡಿಯಾಚೆಯ ತಾಂಡೂರಿಗೆ ವ್ಯಾಪಾರಕ್ಕೆ ಹೋಗಿಬಂದು ರೂಢಿಯಿದ್ದವರು, ತೆಲುಗನ್ನು ನನಗಿಂತ ಸ್ಪಷ್ಟವಾಗಿ ಹೇಳುತ್ತಿದ್ದರು.

ಹಿಂದಕ್ಕೆ ತಿರುಗಿ ಕಣ್ಣು ದೊಡ್ಡದು ಮಾಡಿದೆ. ಅವರು ದನಿ ದೊಡ್ಡದು ಮಾಡಿದರು. ಸಾಕು ನಿಲ್ಲಿಸಿ ಎಂದು ಬೆನ್ನ ಹಿಂದೆ ಕೈ ಬೀಸಿದೆ. ಭಜನೆಯಲ್ಲಿ ಮುಂದಿನವರು ಹಾಗೆ ಕೈ ಬೀಸಿದರೆ ವೇಗ ಏರಿಸಿರಿ ಎಂದು ಅರ್ಥವಂತೆ. ಏರಿಸಿದರು! ಮಲ್ಲಪ್ಪನ ಬೆರಳು ಕಾಣಿಸದಾದವು. ಕಾಶಪ್ಪ ಮಾಮಾನ ತಾಳ ಝಣ್ ಝಣ್ ಎನ್ನುತ್ತಿತ್ತು. ಓಡುವ ರೋಗ ನನ್ನದು ಎಂದುಕೊಂಡಿದ್ದೆ. ಈಗ ಮಂಡಳಿಯೇ ನನ್ನನ್ನು ಎಳೆದುಕೊಂಡು ಓಡುತ್ತಿತ್ತು. ನಿಂತರೆ ಬೀಳುತ್ತೇನೆ ಎಂದು ನಾನೂ ಓಡಿದೆ. ಒಂದು ಕೃತಿ ಮುಗಿದು ಇನ್ನೊಂದು, ಅದು ಮುಗಿದು ಮತ್ತೊಂದು. ಅರ್ಧ ಗಂಟೆಯ ಕಛೇರಿ ಕಾಲು ಗಂಟೆಗೆ ಮುಗಿದೇ ಹೋಯಿತು.

ಕೊನೆಯ ಪೆಟ್ಟು ಬಿದ್ದ ಕೂಡಲೇ ಮೂವರೂ ಕೈ ಮೇಲೆತ್ತಿ, "ಹರ ಹರ ಮಹಾದೇವ!" ಎಂದು ಕೂಗಿದರು.

ಕಲಬುರಗಿಯಲ್ಲಿ ಹುಟ್ಟಿ ಬೆಳೆದವಳು ನಾನು. ನನ್ನ ಕೈಯೂ ತಾನಾಗಿ ಮೇಲೆ ಹೋಯಿತು. "ಮಹಾದೇವ!" ಎಂದೆ.

ಮೇಡಂ ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು. ನಾನು ಮನಸ್ಸಿನಲ್ಲೇ ಎಪ್ಪತ್ತೆರಡು ಮೇಳಕರ್ತಗಳಿಗೂ ಒಂದೊಂದಾಗಿ ತಿಲಾಂಜಲಿ ಬಿಡತೊಡಗಿದೆ.

"ಇನ್ನೂ ಕಾಲು ಗಂಟೆ ಇದೆ" ಎಂದರು ಮೇಡಂ. "ಇವರನ್ನ ಹೊರಗೆ ಕೂರಿಸಿ. ಮೊದಲು ಹಾಡಿದ್ರಲ್ಲ, ಆ ಕೃತಿ ಮತ್ತೆ ಹಾಡಿ. ನಿಧಾನವಾಗಿ. ನೀವೊಬ್ಬರೇ ತಾಳ ಹಾಕ್ಕೊಂಡು."

ಮಲ್ಲಪ್ಪ ಎದ್ದುನಿಂತ. "ಅಕ್ಕಾರ್ನ ಒಬ್ಬರ್ನೇ ಬಿಟ್ಟು ಹೋಗ್ಲಾಕ ಬರಂಗಿಲ್ರಿ ಮೇಡಂ. ಮಾತ್ ಕೊಟ್ಟೀವಿ."

"ಹೊರಗೆ ಅಂದೆ."

ಹೋದರು. ನಾನು ಒಬ್ಬಳೇ ಉಳಿದೆ. ಇದು ಕೊನೆಯ ಕಾಲು ಗಂಟೆ, ಇದಾದ ಮೇಲೆ ಏನೂ ಇಲ್ಲ ಎಂಬುದು ಚೆನ್ನಾಗಿ ಗೊತ್ತಿತ್ತು. ತೊಡೆ ತಟ್ಟಿಕೊಳ್ಳುತ್ತ ಮೊದಲ ಸಾಲು ಹಾಡಿದೆ. ಸಾಲು ಮುಗಿಯಿತು. ಎಂದಿನಂತೆ ಹಾರಬೇಕಿತ್ತು, ಹಾರಲಿಲ್ಲ. ಹಿಂದಿನವರು ತಿರುಗಿ ಹೇಳಲಿ ಎಂದು ಕಾದೆ!

ಹಿಂದೆ ಯಾರೂ ಇರಲಿಲ್ಲ. ಆದರೂ ಕೈ ತನ್ನಷ್ಟಕ್ಕೆ ತಾಳ ಹಾಕುತ್ತ ಒಂದು ಸುತ್ತು ಮುಗಿಸಿತು. ಸರಿಯಾಗಿ ಮೊದಲ ಪೆಟ್ಟಿಗೆ ಎರಡನೇ ಸಾಲು ಎತ್ತಿಕೊಂಡೆ. ಮತ್ತೆ ಕಾದೆ. ಮತ್ತೆ ಸರಿಯಾಗಿ ಬಂದೆ. ಕಣ್ಣು ಕಿಟಕಿಯ ಕಡೆ ಹೋಯಿತು. ಸರಳುಗಳ ಆಚೆ ಮೂರು ಟೋಪಿಗಳು. ನಾನು ಹಾಡಿ ನಿಲ್ಲಿಸಿದಾಗಲೆಲ್ಲ ಮೂವರ ತುಟಿಗಳೂ ಸದ್ದಿಲ್ಲದೆ ಆಡುತ್ತಿದ್ದವು. ಅವರ ತುಟಿ ನಿಂತ ಮೇಲೆ ನನ್ನ ಸಾಲು. ಹಾಗೇ ಪಲ್ಲವಿ, ಅನುಪಲ್ಲವಿ, ಚರಣ ಎಲ್ಲ ಮುಗಿಸಿದೆ. ತಾಳ ಒಂದು ಸಲವೂ ತಪ್ಪಲಿಲ್ಲ. ಹತ್ತು ವರ್ಷದ ಪಾಠದಲ್ಲಿ, ಎರಡು ವರ್ಷದ ಎಂ.ಮ್ಯೂಸಿಕ್‌ನಲ್ಲಿ ಇದೇ ಮೊದಲು.

ಮೇಡಂ ಏನೋ ಬರೆದುಕೊಂಡರು. "ಪ್ರತಿ ಸಾಲಿಗೂ ಇಷ್ಟುದ್ದ ಜಾಗ ಬಿಡ್ತಾರೇನಮ್ಮಾ? ಯಾರು ಹಾಡಲಿ ಅಂತ ಕಾಯ್ತಿದ್ರಿ?"

ನಾನು ತಲೆ ತಗ್ಗಿಸಿದೆ. ಕಿಟಕಿಯಲ್ಲಿದ್ದ ಟೋಪಿಗಳೂ ತಗ್ಗಿದವು.

"ಪರವಾಗಿಲ್ಲ. ಹೋದ ಸಲ ಒಂದು ಕ್ಷಣಾನೂ ಕಾಯ್ತಿರಲಿಲ್ಲ. ಹೋಗಿ ಬನ್ನಿ" ಎಂದರು. ಪಾಸೋ ಫೇಲೋ ಅದರಿಂದ ಗೊತ್ತಾಗಲಿಲ್ಲ.

ಮೂರು ವಾರ ಮನೆಯಲ್ಲಿ ಯಾರೂ ಸಂಗೀತದ ಸುದ್ದಿ ತೆಗೆಯಲಿಲ್ಲ. ಫಲಿತಾಂಶ ಬಂದ ದಿನ ಮೊಬೈಲನ್ನು ಯಜಮಾನರ ಕೈಗೆ ಕೊಟ್ಟು ಅಡುಗೆಮನೆಯಲ್ಲಿ ಕಣ್ಣು ಮುಚ್ಚಿ ನಿಂತೆ. "ಪಾಸ್!" ಎಂದು ಕೂಗಿದರು. ಪಾಸಾಗಲು ಎಷ್ಟು ಬೇಕೋ ಅಷ್ಟೇ ಅಂಕ, ಮೇಲೆ ಒಂದೂ ಇಲ್ಲ. ನಾನು ಅಲ್ಲೇ ನೆಲದ ಮೇಲೆ ಕೂತು ಗೊಳೋ ಎಂದು ಅತ್ತುಬಿಟ್ಟೆ. ಎದೆಯ ಮೇಲಿನ ಕಲ್ಲು ಇಳಿದು ಹೋಗಿತ್ತು.

"ಫೇಲಾದಾಗ ಅಳಲಿಲ್ಲ, ಪಾಸಾಗಿ ಅಳ್ಲಾಕತ್ತಿದಿ" ಎಂದು ಯಜಮಾನರು ನೀರಿನ ಲೋಟ ಹಿಡಿದು ನಿಂತಿದ್ದರು. ಅವರ ಕಣ್ಣೂ ಒದ್ದೆಯಾಗಿತ್ತು. ತೊಗರಿಬೇಳೆಯ ದೂಳು ಎಂದರು.

ಮುಂದಿನ ಸೋಮವಾರ ಪೇಡೆಯ ಡಬ್ಬಿ ಹಿಡಿದು ಇಬ್ಬರೂ ಕಮಲಾಪುರಕ್ಕೆ ಹೋದೆವು. ಅಂದು ಸಂಜೆ ಗುಡಿಯಲ್ಲಿ ಭಜನೆಯಿತ್ತು. ಶಾಲೆಯವರು ಹೊದಿಸಿದ ಶಾಲನ್ನೇ ಹೊದ್ದುಕೊಂಡಿದ್ದೆ. ಸ್ನಾತಕೋತ್ತರ ಪದವೀಧರೆ ಬಂದಿದ್ದಾಳೆ, ಮುಂದೆ ಕೂರಿಸಿ ಹಾಡಿಸುತ್ತಾರೆ ಎಂದು ನನಗೆ ಸಂಶಯವೇ ಇರಲಿಲ್ಲ. ಬೇಡ ಬೇಡ ಎಂದು ಎರಡು ಸಲ ಹೇಳಿ ಮೂರನೇ ಸಲಕ್ಕೆ ಒಪ್ಪುವುದೆಂದು ದಾರಿಯಲ್ಲೇ ನಿಶ್ಚಯಿಸಿದ್ದೆ.

ಮಲ್ಲಪ್ಪ ಓಡಿ ಬಂದು ಕೈಮುಗಿದ. "ಬರ್ರಿ ಅಕ್ಕಾರ, ಬರ್ರಿ! ಹಿಂದ ಕೂಡ್ರಿ. ನಾವು ಹೇಳಿದ್ದು ತಿರುಗಿ ಹೇಳ್ರಿ, ಸಾಕು. ಮುಂದ ಹಾಡ್ಲಾಕ ಇನ್ನಾ ಭಾಳ ವರ್ಷ ಬೇಕು."

ಶಾಲು ಮಡಚಿ ಚೀಲಕ್ಕೆ ಹಾಕಿ ಹಿಂದಿನ ಸಾಲಿನಲ್ಲಿ ಕೂತೆ. ಪಾಪ, ಬೇಜಾರಾಗಬಾರದೆಂದು ಕಾಶಪ್ಪ ಮಾಮಾ ತಮ್ಮ ತಾಳವನ್ನೇ ನನ್ನ ಕೈಗೆ ಕೊಟ್ಟರು. ಎರಡು ಹಾಡು ಆಗುವವರೆಗೆ ಸಹಿಸಿಕೊಂಡರು. ಮೂರನೆಯದಕ್ಕೆ ಕೈಚಾಚಿ ವಾಪಸು ಇಸಿದುಕೊಂಡರು.