ನಾನು ರೆಡ್ ಕಲಿಸಿದ ವಾರ

ಬಣ್ಣದ ವಿಷಯದಲ್ಲಿ ನನಗೆ ಪಾಠ ಹೇಳುವ ಗಂಡಸು ಇಡೀ ಮೂಡಿಗೆರೆ ತಾಲ್ಲೂಕಿನಲ್ಲಿ ಹುಟ್ಟಿಲ್ಲ! ಒಂದು ಭಾನುವಾರ ಹೆಂಡತಿ ಪ್ರೇಮಕುಮಾರಿಯ ಊದಿದ ಕಾಲಿಗೆ ಎಣ್ಣೆ ತಿಕ್ಕುತ್ತಾ ನಾನು ಹೀಗೆಂದು ಘೋಷಿಸಿದೆ. ಮೂವತ್ತೈದು ವರ್ಷ ಬಾವುಟ, ಬ್ಯಾನರು, ಶಾಲು ಹೊತ್ತು ಬೀದಿಯಲ್ಲಿ ಬೆಂದವನು ನಾನು. ಲಾಠಿ ಏಟಿಗೆ ಬೆನ್ನ ಮೇಲೆ ಎದ್ದ ಬಣ್ಣಗಳಲ್ಲೇ ಒಂದು ಚಾರ್ಟು ಬರೆಯಬಹುದಿತ್ತು!

ಪ್ರೇಮಕುಮಾರಿ ಬಣಕಲ್ ಆಚೆಯ ನಮ್ಮೂರ ಸರ್ಕಾರಿ ಶಾಲೆಯ ಏಕೈಕ ಟೀಚರ್. ಇರುವ ಮಕ್ಕಳು ಒಂಬತ್ತು. ಅದರಲ್ಲಿ ಮೂವರು ಕಾಫಿ ಕೊಯ್ಯುವ ಗಿಡ್ಡಮ್ಮನ ಮೊಮ್ಮಕ್ಕಳು. "ಶನಿವಾರ ಬಂದು ನೋಡ್ತೀನಿ. ಇಂಗ್ಲಿಷ್ ಬಂದ್ರೆ ಸರಿ, ಇಲ್ಲಾಂದ್ರೆ ಮೂವರನ್ನೂ ಸೋಮವಾರ ಕಾನ್ವೆಂಟ್ ವ್ಯಾನಿಗೆ ಹತ್ತಿಸ್ತೀನಿ" ಎಂದು ಗಿಡ್ಡಮ್ಮ ಗಡುವು ಕೊಟ್ಟಿದ್ದಳು. ಮೂವರು ಹೋದರೆ ಉಳಿಯುವುದು ಆರು. ಆರು ಮಕ್ಕಳಿಗೆ ಶಾಲೆ ಯಾಕೆ ಎಂದು ಬೀಗ ಹಿಡಿದು ಕಾಯುವವರು ಮೇಲೆ ಬೇಕಾದಷ್ಟಿದ್ದಾರೆ. ಇಂಥ ಹೊತ್ತಲ್ಲೇ ಟೀಚರ್ ಕಾಲು ಉಳುಕಿಸಿಕೊಂಡು ಮಂಚ ಹಿಡಿದಿದ್ದಳು. ಬದಲಿ ಟೀಚರ್ ಕೇಳಿದರೆ, "ಒಂಬತ್ತು ಮಕ್ಕಳಿಗಾ?" ಎಂದು ಇಲಾಖೆಯವರು ಫೋನಿನಲ್ಲೇ ನಕ್ಕರು.

"ಈ ವಾರ ಬಣ್ಣದ ಪಾಠ ಅಷ್ಟೇ ತಾನೆ? ನಾನಿದ್ದೇನೆ!" ಎಂದೆ.

"ಶಾಲೆ ಬೀರುವಿನಲ್ಲಿ ಚಾರ್ಟ್ ಇದೆ, ತೆಗೆದು ತೋರ್ಸಿ."

"ಚಾರ್ಟು! ಜನರ ಮಧ್ಯೆ ಬಣ್ಣ ಕಲಿತವನು ಕಣೇ ನಾನು!"

"ಜನ ಬೇರೆ, ಮಕ್ಕಳು ಬೇರೆ. ಮಕ್ಕಳ ಮುಂದೆ ಭಾಷಣ ಬಿಗಿದ್ರೆ ನಿದ್ದೆ ಮಾಡ್ತಾವೆ."

ಇಂಥ ಅವಮಾನಗಳಿಗೆ ನಾನು ಜಗ್ಗುವವನಲ್ಲ. ಟ್ರಂಕಿನಿಂದ ನನ್ನ ಎರಡು ಶಾಲು ತೆಗೆದೆ. ಕಾರ್ಮಿಕರ ಕೆಂಪು ಶಾಲು ಸದಾ ಮೇಲೆ, ರೈತರ ಹಸಿರು ಶಾಲು ಸದಾ ಕೆಳಗೆ. ಅದೇ ಕ್ರಮದಲ್ಲಿ ಎರಡನ್ನೂ ಹೆಗಲಿಗೆ ಹಾಕಿಕೊಂಡು ಸೋಮವಾರ ಶಾಲೆಗೆ ಹೊರಟೆ. ಬಿಸಿಲು ಕಂಡು ಕಂಡು ಎರಡೂ ಒಣಗಿದ ಎಲೆಯಂತೆ ಮಾಸಿದ್ದವು. ಹೋರಾಟಗಾರನ ಶಾಲು ಮಾಸದೆ ಇನ್ನೇನು ಮದುವಣಗಿತ್ತಿಯ ಸೀರೆಯಂತೆ ಮಿಂಚೀತೇ?

ತರಗತಿಯಲ್ಲಿ ಮೇಲಿನ ಶಾಲು ಎತ್ತಿ "ರೆಡ್!" ಎಂದೆ. ಗಿಡ್ಡಮ್ಮನ ಮೊಮ್ಮಗಳು ಕೃತಿಕಾ, ಆರು ವರ್ಷದ ಮೋಟುಜಡೆ, ಎದ್ದು ನಿಂತಳು.

"ಅಜ್ಜ, ಅದಾ?"

"ಅದೇ! ಅನುಮಾನ ಆಮೇಲೆ, ಮೊದಲು ಘೋಷಣೆ! ವಾಟ್ ಕಲರ್?"

"ರೆಡ್!"

"ಜೋರಾಗಿ!"

"ರೆಡ್! ರೆಡ್!"

ಮುಷ್ಟಿ ಎತ್ತಿಸಿ ಕೂಗಿಸಿದೆ. ಹೆಂಚಿನಿಂದ ಧೂಳು ಉದುರಿತು. ಬುಧವಾರದ ಹೊತ್ತಿಗೆ ಒಂಬತ್ತೂ ಮಕ್ಕಳು ಒಂದೇ ಕಂಠದಲ್ಲಿ ರೆಡ್ಡು, ಗ್ರೀನು ಗುಡುಗುತ್ತಿದ್ದವು. ನನ್ನ ಸಂಘಟನೆಗಳಲ್ಲಿ ಎಂದಾದರೂ ಇಂಥ ಒಗ್ಗಟ್ಟು ಇತ್ತೇ? ಇಬ್ಬರು ಸೇರಿದ ಕಡೆ ಮೂರು ಬಣ! ರೋಮಾಂಚನದಿಂದ ಕಣ್ಣು ಒದ್ದೆಯಾಯಿತು ಎಂದರೆ ಸುಳ್ಳು. ಹೆಂಚಿನ ಧೂಳು ಬಿದ್ದಿತ್ತು.

ಶನಿವಾರ ಹನ್ನೆರಡಕ್ಕೆ ಗಿಡ್ಡಮ್ಮ ಕೊಯ್ಲಿನಿಂದ ನೇರ ಬಂದಳು, ಸೊಂಟಕ್ಕೆ ಕಟ್ಟಿದ ಕಾಫಿ ಚೀಲದ ಸಮೇತ. ಪ್ರೇಮಕುಮಾರಿ ಕೋಲೂರಿಕೊಂಡು ಬಂದು ಕುರ್ಚಿ ಹಿಡಿದಳು. ಗಿಡ್ಡಮ್ಮ ಚೀಲದಿಂದ ಒಂದು ಕಳಿತ ಕಾಫಿ ಹಣ್ಣು ತೆಗೆದು ಮಕ್ಕಳ ಮುಂದೆ ಹಿಡಿದಳು.

"ಇದ್ರ ಬಣ್ಣ ಯಾವುದು? ಇಂಗ್ಲಿಷಲ್ಲಿ ಹೇಳಿ."

ಮುಷ್ಟಿಗಳು ಎದ್ದವು. ಒಂಬತ್ತು ಗಂಟಲು ಒಂದಾದವು. "ಗ್ರೀನ್! ಗ್ರೀನ್!"

ನಾನಂತೂ ಹೆಮ್ಮೆಯಿಂದ ಮೀಸೆ ತಿರುವುತ್ತಿದ್ದೆ.

"ಅಲ್ಲ ಮಾರಾಯ್ರೆ," ಎಂದಳು ಗಿಡ್ಡಮ್ಮ, "ನಂಗೆ ಬರೋದೇ ಎರಡು ಇಂಗ್ಲಿಷು. ಎಸ್ಟೇಟಲ್ಲಿ ಲೆಕ್ಕ ಬರೆಯೋ ರೈಟ್ರು ನಲವತ್ತು ವರ್ಷದಿಂದ 'ರೆಡ್ ಮಾತ್ರ ಕೊಯ್ಯಿ, ಗ್ರೀನ್ ಕೊಯ್ದ್ರೆ ಜೋಕೆ' ಅಂತ ಬೈದು ಬೈದು ಕಲಿಸಿದ್ದು. ಈಗ ಅದೂ ತಪ್ಪು ಅಂತೀರಾ?"

ಹೆಂಡತಿ ನನ್ನ ಕಡೆ ತಿರುಗಿದಳು. "ರೀ, ಆ ಶಾಲು ತೋರ್ಸಿ. ರೆಡ್ ಯಾವುದು?"

ತೋರಿಸಿದೆ.

"ಅದು ಹಸಿರು ಕಣ್ರೀ!"

"ಮೇಲಿರೋದು ಕೆಂಪೇ! ಮೂವತ್ತೈದು ವರ್ಷದಿಂದ..."

"ದೀಪಾವಳೀಲಿ ನಾನು ಬಿಸಿಲಿಗೆ ಹಾಕಿ ಮಡಚಿಟ್ಟೆ. ಮೇಲಿದ್ದದ್ದು ಕೆಳಗೆ ಹೋಗಿರ್ಬೇಕು. ಆದ್ರೆ ನಿಮಗೆ ಕಣ್ಣಿಲ್ವಾ?"

"ಎರಡೂ ಮಾಸಿ ಒಂದೇ ಥರ ಆಗಿದೆಯಲ್ಲೇ!" ಎಂದೆ. ಒಬ್ಬರೂ ಹೌದು ಎನ್ನಲಿಲ್ಲ.

ಕೃತಿಕಾ ಮೆಲ್ಲಗೆ ಬಂದು ಅಜ್ಜಿಯ ಚೀಲದಿಂದ ಒಂದು ಬೊಗಸೆ ನೆಲಕ್ಕೆ ಸುರಿದಳು. "ಅಜ್ಜ, ಇದ್ರಲ್ಲಿ ಹಣ್ಣು ಆರಿಸಿ."

ಮಣ್ಣಿನ ಮಗನಿಗೆ ಇದೊಂದು ಪರೀಕ್ಷೆಯೇ! ಒಂದೊಂದನ್ನೇ ಎತ್ತಿ ಹಿಚುಕತೊಡಗಿದೆ.

"ಹಿಚುಕೋ ಹಂಗಿಲ್ಲ. ನೋಡಿ ಆರಿಸ್ಬೇಕು."

"ನೋಡಿ ಯಾರಾದ್ರೂ ಆರಿಸ್ತಾರೇನೇ? ಎಲ್ರೂ ಹಿಚುಕಿಯೇ ತಾನೆ ಕೊಯ್ಯೋದು?"

ಗಿಡ್ಡಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದಳು. "ಏನ್ ಸ್ವಾಮಿ, ಹಣ್ಣು ನಿಮ್ಗೆ ಕಾಣಲ್ವಾ? ಆ ರಸ್ತೇಲಿ ನಿಂತ್ರೂ ಗಿಡದೊಳಗೆ ಕೆಂಡ ಇಟ್ಟಂಗೆ ಕಾಣ್ತದಲ್ಲ!"

ನಾನು ದಂಗಾದೆ. ರಸ್ತೆಯಿಂದ ಕಾಣುತ್ತದೆಯೇ? ಕೆಂಡದಂತೆ? ಅರವತ್ತಮೂರು ವರ್ಷ ಈ ಗಿಡಗಳ ನಡುವೆ ಉರುಳಾಡಿದ್ದೇನೆ, ಒಂದು ಕಿಡಿಯನ್ನೂ ಕಂಡಿಲ್ಲ!

ಕೃತಿಕಾ ಕಾಫಿಯನ್ನು ಸಾಲಾಗಿ ಜೋಡಿಸುತ್ತಾ ಹೋದಳು. "ಇದು ಗ್ರೀನ್. ಇದು ಯೆಲ್ಲೋ. ಆರೆಂಜ್. ಇದು ರೆಡ್. ಇದು ಬ್ಲ್ಯಾಕ್." ರೆಡ್ಡಿಗೂ ಬ್ಲ್ಯಾಕಿಗೂ ನಡುವೆ ಇನ್ನೆರಡು ಇಟ್ಟು, "ಇದಕ್ಕೆ ಏನಂತಾರೆ ಟೀಚರ್?" ಎಂದಳು. ಟೀಚರಿಗೂ ಗೊತ್ತಿರಲಿಲ್ಲ. ನನಗೆ ಕಂಡದ್ದು ಕಂದು ಕಾಯಿಗಳ ಒಂದು ಸಾಲು. ಆ ಪುಟಾಣಿಯ ಕಣ್ಣಿಗೆ ಕಂಡದ್ದು ಏಳು ಬಣ್ಣ! ಮಂತ್ರಿಗಳ ಮುಂದೆ ಬಗ್ಗದ ನನ್ನ ಮಂಡಿ ತಾನಾಗಿ ಬಗ್ಗಿತು. ಆ ಸಾಲಿನ ಮುಂದೆ ಕೂತೇ ಬಿಟ್ಟೆ.

"ಇಷ್ಟೆಲ್ಲ ಎಲ್ಲಿ ಕಲಿತೆ?"

"ಬೀರುವಿನ ಚಾರ್ಟಲ್ಲಿ. ನೀವು ಊಟಕ್ಕೆ ಹೋದಾಗ ನಾವೆಲ್ಲ ನೋಡ್ತಿದ್ವಿ."

"ಮತ್ತೆ ಈಗ ಗ್ರೀನ್ ಅಂತ ಯಾಕೆ ಕೂಗಿದ್ರಿ?"

"ನೀವು ಬೇಜಾರ್ ಮಾಡ್ಕೋತೀರಿ ಅಂತ. ಅಜ್ಜ ಎದುರಿಗಿದ್ದಾಗ ಅಜ್ಜ ಹೇಳಿದ ಹಂಗೇ ಹೇಳಿ ಅಂತ ನಾನೇ ಎಲ್ರಿಗೂ ಹೇಳಿದ್ದೆ."

ಅಂದರೆ ಆ ಒಗ್ಗಟ್ಟು ನನ್ನದಲ್ಲ! ನಾಯಕಿ ಬೇರೆ ಇದ್ದಳು!

ಗಿಡ್ಡಮ್ಮ ಕಾಫಿಯನ್ನು ಬಾಚಿ ಚೀಲಕ್ಕೆ ತುಂಬಿಕೊಂಡು ಎದ್ದಳು. "ಹುಡುಗಿಗೆ ಬರ್ತದೆ, ಅಷ್ಟು ಸಾಕು. ವ್ಯಾನಿನವ್ನಿಗೆ ಬರ್ಬೇಡ ಅಂತೀನಿ. ಆದ್ರೆ ಟೀಚರಮ್ಮ, ಕುಂಟ್ಕೊಂಡಾದ್ರೂ ಸರಿ, ಸೋಮವಾರದಿಂದ ನೀವೇ ಬನ್ನಿ!"

ಶಾಲೆ ಉಳಿಯಿತು. ಮೇಷ್ಟ್ರು ಮಾತ್ರ ಉಳಿಯಲಿಲ್ಲ. ಮನೆಯ ದಾರಿಯಲ್ಲಿ ಪ್ರೇಮಕುಮಾರಿ ನನ್ನ ಹೆಗಲು ಹಿಡಿದು ಕುಂಟುತ್ತಾ ಬಂದಳು. ಬೈಗುಳ ಕಾದು ಕಾದು ನನಗೇ ಸಾಕಾಯಿತು.

"ಏನಾದರೂ ಹೇಳಬಾರದೇ?" ಎಂದೆ.

"ರೀ, ನನ್ನನ್ನ ನೋಡೋಕೆ ಬಂದ ದಿನ ಹಸಿರು ಸೀರೇಲಿ ಲಕ್ಷಣವಾಗಿದ್ದೆ ಅಂತ ಕಂಡವರಿಗೆಲ್ಲ ಹೇಳ್ತಿರ್ತೀರಲ್ಲ?"

"ಹೌದು. ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ!"

"ಅವತ್ತು ನಾನುಟ್ಟಿದ್ದು ಕೆಂಪು ಸೀರೆ ಕಣ್ರೀ! ಆ ಹಸಿರು ಸೀರೆಯವಳು ಯಾರಿರಬಹುದು ಅಂತ ಮೂವತ್ತೊಂದು ವರ್ಷದಿಂದ ಹುಡುಕ್ತಾ ಇದೀನಿ!"